ತೊಂಬತ್ತು ದಾಟಿದರೆ ಬೈಕ್ ಓಲಾಡುತ್ತದೆ, ಮಾರಿಬಿಡಲೇ?

ಪ್ರಶ್ನೆ: ನನಗೆ 34 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ತಿಂಗಳಿಗೆ ಎರಡು ಸಲ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೈಕಿನಲ್ಲೇ ಊರಿಗೆ ಹೋಗಿಬರುತ್ತೇನೆ. ನನ್ನದು 350 ಸಿ.ಸಿ. ಗಾಡಿ, ಕೊಂಡು ನಾಲ್ಕು ವರ್ಷ, 27,000 ಕಿ.ಮೀ. ಓಡಿದೆ. ಮೂರು ತಿಂಗಳ ಹಿಂದೆ 45 ಲೀಟರ್‌ನ ಟಾಪ್ ಬಾಕ್ಸ್ ಮತ್ತು ಎತ್ತರದ ವಿಂಡ್‌ಶೀಲ್ಡ್ ಹಾಕಿಸಿದೆ. ಹಿಂದಿನ ಟೈರ್ ಸವೆದಿತ್ತು. ನೋಡೋಕೆ ಚೆನ್ನಾಗಿರುತ್ತದೆ ಅಂತ ಒಂದು ಸೈಜ್ ಅಗಲದ್ದು ಹಾಕಿಸಿದೆ. ಈಗ 90 ದಾಟಿದರೆ ಇಡೀ ಬೈಕ್ ಓಲಾಡುತ್ತದೆ. ಹೋದ ತಿಂಗಳು ಹಿರಿಯೂರು ದಾಟಿದ ಮೇಲೆ ಲಾರಿಯೊಂದನ್ನು ಹಿಂದೆ ಹಾಕುವಾಗ ವಿಪರೀತವಾಯಿತು. ಹ್ಯಾಂಡಲ್ ಬಿಗಿಯಾಗಿ ಹಿಡಿದು ಮುಂದಿನ ಬ್ರೇಕ್ ಒತ್ತಿದೆ, ಇನ್ನೂ ಜಾಸ್ತಿಯಾಯಿತು. ಹೇಗೋ ಬೀಳದೆ ಉಳಿದೆ. ಇದಲ್ಲದೆ, ವೇಗ ಇಳಿಸುವಾಗ 60ರ ಆಸುಪಾಸಿನಲ್ಲಿ ಹಿಡಿತ ಸಡಿಲಿಸಿದರೆ ಹ್ಯಾಂಡಲ್ ಪಟಪಟನೆ ನಡುಗುತ್ತದೆ. ಮೆಕ್ಯಾನಿಕ್ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಬದಲಿಸಿದರು, ಸರಿಹೋಗಲಿಲ್ಲ. ಈಗ ಹ್ಯಾಂಡಲಿನ ಅಲುಗಾಟ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಎನ್ನುತ್ತಾರೆ. ಗೆಳೆಯನೊಬ್ಬ ‘ಓಲಾಡಿದಾಗ ಆಕ್ಸಿಲರೇಟರ್ ಕೊಡು, ನೆಟ್ಟಗಾಗುತ್ತೆ’ ಅಂತಾನೆ, ಇನ್ನೊಬ್ಬ ‘ಟೈರಿನ ಗಾಳಿ ಕಡಿಮೆ ಮಾಡು’ ಅಂತಾನೆ. ಮುಂದಿನ ತಿಂಗಳು ಅಪ್ಪನನ್ನು ಹಿಂದೆ ಕೂರಿಸಿಕೊಂಡು ಬೆಂಗಳೂರಿಗೆ ಕರೆತರಬೇಕು. ಬೈಕ್ ಮಾರಿಬಿಡಲೇ?

ಉತ್ತರ: ಮಾರಬೇಡಿ, ಸದ್ಯಕ್ಕಂತೂ ಬೇಡ. ಆದರೆ ಇದು ಬಗೆಹರಿಯುವವರೆಗೆ 80ರ ಮೇಲೆ ಓಡಿಸಬೇಡಿ, ಅಪ್ಪನನ್ನು ಹಿಂದೆ ಕೂರಿಸಿಕೊಳ್ಳಲೂಬೇಡಿ. ನಿಮಗಾದ ಹೆದರಿಕೆ ಅತಿಯಾದದ್ದಲ್ಲ. ಆ ಲಾರಿಯ ಪಕ್ಕದಲ್ಲಿ ನೀವು ಬಿದ್ದಿದ್ದರೆ ಏನಾಗುತ್ತಿತ್ತೆಂದು ನನಗೆ ಗೊತ್ತು, ನಿಮಗೂ ಗೊತ್ತು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೆ, ನಿಮ್ಮ ಬೈಕಿಗೆ ಇರುವುದು ಒಂದು ಕಾಯಿಲೆಯಲ್ಲ, ಎರಡು. 60ರಲ್ಲಿ ಹ್ಯಾಂಡಲ್ ನಡುಗುವುದು ಬೇರೆ, 90 ದಾಟಿದ ಮೇಲೆ ಇಡೀ ಗಾಡಿ ಓಲಾಡುವುದು ಬೇರೆ. ವರ್ಕ್‌ಶಾಪ್‌ನಲ್ಲಿ ಎರಡನ್ನೂ ‘ವಾಬ್ಲಿಂಗ್’ ಎಂದೇ ಕರೆಯುತ್ತಾರೆ, ಎರಡಕ್ಕೂ ಒಂದೇ ಔಷಧಿ ಕೊಡುತ್ತಾರೆ. ನಿಮ್ಮ ಕೋನ್‌ಸೆಟ್ ಬದಲಾದರೂ ಗುಣ ಕಾಣದಿರುವುದಕ್ಕೆ ಅದೇ ಕಾರಣ.

ಮೊದಲನೆಯದನ್ನು ನಡುಕ ಎನ್ನೋಣ. ಇದರಲ್ಲಿ ಅಲುಗುವುದು ಮುಂಚಕ್ರ, ಅದನ್ನು ಹಿಡಿದಿರುವ ಫೋರ್ಕ್ ಮತ್ತು ಹ್ಯಾಂಡಲ್ ಮಾತ್ರ. ಗಾಡಿಯ ಉಳಿದ ಮೈ ಹೆಚ್ಚೂಕಡಿಮೆ ನೆಟ್ಟಗೇ ಹೋಗುತ್ತಿರುತ್ತದೆ. ಸೆಕೆಂಡಿಗೆ ಸುಮಾರು ಆರರಿಂದ ಹತ್ತು ಬಾರಿ, ಬಲು ಚುರುಕು. ಎರಡನೆಯದು ಓಲಾಟ. ಇದರಲ್ಲಿ ಹಿಂಭಾಗ ಎಡಬಲಕ್ಕೆ ತೂಗುತ್ತದೆ, ಅದರ ಜೊತೆಗೆ ಗಾಡಿ ಎರಡೂ ಪಕ್ಕಕ್ಕೆ ವಾಲುತ್ತದೆ, ಹ್ಯಾಂಡಲ್ ಅದನ್ನು ಹಿಂಬಾಲಿಸುತ್ತದೆ. ಇದರ ಗತಿ ನಿಧಾನ: ಸೆಕೆಂಡಿಗೆ ಎರಡು, ಮೂರು, ಹೆಚ್ಚೆಂದರೆ ನಾಲ್ಕು ಬಾರಿ. ಬ್ರಿಟನ್ನಿನ ಎಂಜಿನಿಯರ್ ರಾಬಿನ್ ಶಾರ್ಪ್ 1971ರಲ್ಲೇ ಇವೆರಡನ್ನೂ ಗಣಿತದಲ್ಲಿ ಬೇರ್ಪಡಿಸಿ ತೋರಿಸಿದ್ದರು. ಅವರ ಲೆಕ್ಕದಲ್ಲಿ ಮುಖ್ಯವಾಗಿದ್ದ ಒಂದು ಅಂಶ ಟೈರಿನದು. ಟೈರ್ ಪಕ್ಕಕ್ಕೆ ತಿರುಗಿದ ತಕ್ಷಣ ಅದರ ಪಕ್ಕಬಲ ಹುಟ್ಟುವುದಿಲ್ಲ. ಇನ್ನಷ್ಟು ದೂರ ಉರುಳಿದ ಮೇಲೆ ಹುಟ್ಟುತ್ತದೆ. ಅಲುಗಾಟಕ್ಕೆ ಈ ತಡ ಒಂದು ಮುಖ್ಯ ಕಾರಣ.

ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯ ಮುಂದಿನ ಪುಟ್ಟ ಚಕ್ರ ಕೆಲವೊಮ್ಮೆ ತಾನೇ ತಾನಾಗಿ ಪಟಪಟ ಹೊಡೆದುಕೊಳ್ಳುವುದನ್ನು ನೋಡಿರುತ್ತೀರಿ. ಬೈಕಿನ ಮುಂಚಕ್ರದ್ದೂ ಅದೇ ಕಥೆ. ಚಕ್ರ ನೆಲ ಮುಟ್ಟುವ ಜಾಗ, ಹ್ಯಾಂಡಲ್ ತಿರುಗುವ ಅಕ್ಷಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಹಿಂದೆ ಇರುತ್ತದೆ. ಹೀಗಿರುವುದರಿಂದಲೇ ಚಕ್ರ ಯಾವಾಗಲೂ ನೆಟ್ಟಗಾಗಲು ಎಳೆಯುತ್ತದೆ. ಎಳೆದು ನೆಟ್ಟಗಾಗುವಷ್ಟರಲ್ಲಿ ಇನ್ನೊಂದು ಬದಿಗೆ ಸ್ವಲ್ಪ ದಾಟಿಬಿಡುತ್ತದೆ, ಮತ್ತೆ ವಾಪಸ್ ಬರುತ್ತದೆ. ಎಲ್ಲವೂ ಸರಿಯಾಗಿದ್ದರೆ ಈ ಹೋಗಿಬರುವಿಕೆ ಒಂದೆರಡು ಸುತ್ತಿನಲ್ಲಿ ತಣ್ಣಗಾಗುತ್ತದೆ, ನಿಮಗೆ ತಿಳಿಯುವುದೂ ಇಲ್ಲ. ತಣ್ಣಗಾಗಿಸುವ ಆ ಶಕ್ತಿ ಟೈರ್, ಬೇರಿಂಗ್, ಬುಷ್, ಶಾಕ್ ಅಬ್ಸಾರ್ಬರ್, ಸವಾರನ ಮೈ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹಂಚಿಕೊಂಡಿರುತ್ತದೆ. ಒಂದು ಕಡೆ ಕೊಂಚ ಸವೆದರೆ ಗಾಡಿ ಸಹಿಸಿಕೊಳ್ಳುತ್ತದೆ. ಮೂರು ಕಡೆ ಕೊಂಚ ಕೊಂಚ ಸವೆದರೆ ಒಂದು ದಿನ ತಡೆಯದೆ ಅಲುಗಾಟ ಬೆಳೆಯಲು ಶುರುವಾಗುತ್ತದೆ. ನನ್ನಲ್ಲಿಗೆ ಇಂಥ ದೂರು ಹೊತ್ತು ಬರುವ ಬೈಕುಗಳಲ್ಲಿ ‘ಇದೊಂದೇ ಕಾರಣ’ ಎಂದು ಬೆರಳು ತೋರಿಸುವಂಥವು ಅಪರೂಪ.

ಈಗ ನಿಮ್ಮ ಗಾಡಿಗೆ ಬರೋಣ. 60ರ ನಡುಕಕ್ಕೆ ನನ್ನ ಮೊದಲ ಅನುಮಾನ ಮುಂದಿನ ಟೈರಿನ ಮೇಲೆ. ಹಿಂದಿನದನ್ನು ಬದಲಿಸಿದ್ದನ್ನು ಬರೆದಿದ್ದೀರಿ, ಮುಂದಿನದರ ಮಾತೇ ಇಲ್ಲ. ಹಾಗಾದರೆ ಅದು 27,000 ಕಿ.ಮೀ. ಓಡಿದ ಹಳೆಯದೇ ಇರಬೇಕು. ಕಣ್ಣಿಗೆ ಅದರ ಮೇಲ್ಮೈಯ ಗೆರೆಗಳು ಚೆನ್ನಾಗಿಯೇ ಕಾಣಬಹುದು. ಆದರೆ ಅಂಗೈಯನ್ನು ಟೈರಿನ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ ನೋಡಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲು ತಗುಲಿದ ಹಾಗಿದ್ದರೆ ಅದು ಉಬ್ಬುತಗ್ಗಾಗಿ ಸವೆದಿದೆ ಎಂದರ್ಥ. ವೇಗ ಇಳಿಯುವಾಗ ಭಾರ ಮುಂದಕ್ಕೆ ಬಂದು ಆ ಟೈರಿನ ಮೇಲೆ ಬೀಳುತ್ತದೆ, ನಡುಕ ಆಗಲೇ ಏಳುತ್ತದೆ. ಟೈರಿನ ಪಕ್ಕದಲ್ಲಿ ಡಿ.ಒ.ಟಿ. (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕೊಂಡ ದಿನಕ್ಕಿಂತ ಟೈರಿನ ವಯಸ್ಸು ಹೆಚ್ಚಿರಬಹುದು, ನೋಡಿಕೊಳ್ಳಿ. ಜೊತೆಗೆ ವೀಲ್ ಬ್ಯಾಲೆನ್ಸಿಂಗ್. ಕಾರಿಗೆ ಮಾಡಿಸುವ ನಾವು ಬೈಕಿಗೆ ಅದು ಬೇಡವೆಂದುಕೊಂಡಿದ್ದೇವೆ; ಹೆದ್ದಾರಿಯಲ್ಲಿ ಓಡುವ ಬೈಕಿಗೆ ಬೇಕೇ ಬೇಕು. ನಿಮ್ಮದು ಸ್ಪೋಕ್ ಚಕ್ರವಾದರೆ ಸ್ಪೋಕ್‌ಗಳ ಬಿಗಿ ಮತ್ತು ರಿಮ್ ಬೆಂಡನ್ನೂ ನೋಡಿಸಿ.

ಕೋನ್‌ಸೆಟ್ ಬಗ್ಗೆ ಒಂದು ಮಾತು. ಹೊಸ ಕೋನ್‌ಸೆಟ್ ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಅದರ ಬಟ್ಟಲುಗಳು ತಮ್ಮ ಜಾಗದಲ್ಲಿ ಇನ್ನಷ್ಟು ಇಳಿದು ಕೂರುತ್ತವೆ, ಬಿಗಿ ಸಡಿಲವಾಗುತ್ತದೆ. ಮತ್ತೆ ಕರೆದು ಬಿಗಿ ನೋಡುವ ಮೆಕ್ಯಾನಿಕ್‌ಗಳು ಕಡಿಮೆ. ನೀವೇ ನೋಡಬಹುದು: ಡಬಲ್ ಸ್ಟ್ಯಾಂಡ್ ಹಾಕಿ, ಇನ್ನೊಬ್ಬರಿಂದ ಹಿಂಭಾಗವನ್ನು ಒತ್ತಿಸಿ ಮುಂಚಕ್ರವನ್ನು ನೆಲದಿಂದ ಎತ್ತಿ, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗಿ. ‘ಟಕ್’ ಎಂದರೆ ಸಡಿಲ. ಆಮೇಲೆ ಹ್ಯಾಂಡಲನ್ನು ಬೆರಳ ತುದಿಯಿಂದ ನಿಧಾನವಾಗಿ ತಿರುಗಿಸಿ. ನಟ್ಟನಡುವೆ ಕಚ್ಚಿಕೊಂಡ ಹಾಗೆ ನಿಂತರೆ ಅತಿ ಬಿಗಿ, ಇಲ್ಲವೇ ಬಟ್ಟಲಿನಲ್ಲಿ ಗುಳಿ ಬಿದ್ದಿದೆ. ಅತಿ ಬಿಗಿಯೂ ಕೆಟ್ಟದ್ದೇ. ಹ್ಯಾಂಡಲ್ ತಾನಾಗಿ ಸಣ್ಣ ತಿದ್ದುಪಡಿ ಮಾಡಿಕೊಳ್ಳಲಾರದೆ ಗಾಡಿ ಓಲಾಡುತ್ತದೆ. ನಡುಕ ಇದೆಯೋ ಇಲ್ಲವೋ ನೋಡಲು ರಸ್ತೆಯಲ್ಲಿ ಕೈ ಬಿಡುವ ಅಭ್ಯಾಸವನ್ನು ಮಾತ್ರ ಇವತ್ತಿಗೇ ನಿಲ್ಲಿಸಿ.

ಇನ್ನು 90ರ ಓಲಾಟ. ಪ್ರಾಣಕ್ಕೆ ಬಂದದ್ದು ಇದೇ. ಇಲ್ಲಿ ಎಲ್ಲರ ಕಣ್ಣೂ ಹ್ಯಾಂಡಲಿನ ಮೇಲಿರುತ್ತದೆ, ಕಾರಣ ಮಾತ್ರ ಬಹುಮಟ್ಟಿಗೆ ಸೀಟಿನ ಹಿಂದೆ ಇರುತ್ತದೆ. ನೀವು ಮೂರು ತಿಂಗಳ ಹಿಂದೆ ಮಾಡಿಸಿದ ಮೂರು ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಿ.

ಟಾಪ್ ಬಾಕ್ಸ್ ಕೂರುವುದು ಹಿಂಚಕ್ರದ ಅಚ್ಚಿಗಿಂತಲೂ ಹಿಂದೆ, ಅದೂ ಎತ್ತರದಲ್ಲಿ. ಪೆಟ್ಟಿಗೆ, ತಟ್ಟೆ, ಸಾಮಾನು ಸೇರಿ 10 ಕೆ.ಜಿ. ಎನ್ನಿ, ಅಚ್ಚಿನಿಂದ 35 ಸೆಂ.ಮೀ. ಹಿಂದಿದ್ದರೆ ಮುಂಚಕ್ರದ ಮೇಲಿನ ಭಾರ ಸುಮಾರು ಎರಡೂವರೆ ಕೆ.ಜಿ. ಇಳಿಯುತ್ತದೆ. ಅಷ್ಟೇ ತಾನೇ ಎನಿಸಬಹುದು. ಆದರೆ ನಿಜವಾದ ತೊಂದರೆ ಭಾರದ್ದಲ್ಲ, ಅದು ಇರುವ ದೂರದ್ದು. ಗಾಡಿಯ ನಡುವಿನಿಂದ ಅಷ್ಟು ದೂರದಲ್ಲಿ ಕೂತ ಭಾರ ಒಮ್ಮೆ ಪಕ್ಕಕ್ಕೆ ತೂಗಲು ಶುರುಮಾಡಿದರೆ ಅದನ್ನು ನಿಲ್ಲಿಸುವುದು ಟೈರಿಗೆ ಬಲು ಕಷ್ಟ. ಅದೇ 10 ಕೆ.ಜಿ.ಯನ್ನು ಹಿಂದಿನ ಸೀಟಿನ ಮೇಲೆ ನಿಮ್ಮ ಬೆನ್ನಿಗೆ ಒತ್ತಿ ಕಟ್ಟಿದರೆ ಈ ತಾಪತ್ರಯ ಬಹಳ ಮಟ್ಟಿಗೆ ಇರುವುದಿಲ್ಲ. ‘ಹಿಂದೆ ಭಾರ ಹಾಕಿದರೆ ಗಾಡಿ ರಸ್ತೆಗೆ ಅಂಟಿಕೊಂಡು ಹೋಗುತ್ತೆ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ, ಅದು ಪೂರ್ತಿ ತಪ್ಪು.

ವಿಂಡ್‌ಶೀಲ್ಡ್‌ನದು ಗಾಳಿಯ ಲೆಕ್ಕ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 60ಕ್ಕಿಂತ 90ರಲ್ಲಿ ಎರಡೂಕಾಲು ಪಟ್ಟು. ಎತ್ತರದಲ್ಲಿ ಬೀಳುವ ಆ ಒತ್ತಡ ಗಾಡಿಯನ್ನು ಹಿಂದಕ್ಕೆ ತಳ್ಳಿ ಮುಂಚಕ್ರವನ್ನು ಇನ್ನಷ್ಟು ಹಗುರ ಮಾಡುತ್ತದೆ. ಅದು ಹ್ಯಾಂಡಲಿಗೇ ಕ್ಲಾಂಪ್ ಮಾಡುವ ಬಗೆಯದಾದರೆ ಇನ್ನೂ ಕೆಟ್ಟದ್ದು, ಏಕೆಂದರೆ ಗಾಳಿಯ ಪ್ರತಿ ಹೊಡೆತವೂ ನೇರ ಸ್ಟೀರಿಂಗಿಗೇ ಹೋಗುತ್ತದೆ.

ಅಗಲದ ಟೈರ್: ಕಂಪನಿ ಕೊಟ್ಟ ರಿಮ್ಮಿಗೆ ಅಗಲದ್ದನ್ನು ಕೂರಿಸಿದರೆ ಅದರ ಪಕ್ಕೆಗಳು ಒಳಕ್ಕೆ ಹಿಂಡಿಕೊಂಡು ಮೇಲ್ಮೈಯ ಬಾಗು ಬದಲಾಗುತ್ತದೆ. ನೋಟಕ್ಕೆ ಗತ್ತು ಬರುತ್ತದೆ ನಿಜ, ಆದರೆ ಟೈರ್ ತಯಾರಕರು ಉದ್ದೇಶಿಸಿದ ಹಾಗೆ ಅದು ನೆಲ ಹಿಡಿಯುವುದಿಲ್ಲ. ಅದನ್ನು ಕೂರಿಸಿದಾಗ ಚೈನ್ ಸಡಿಲಿಸಿ ಬಿಗಿ ಮಾಡಿರುತ್ತಾರಲ್ಲ, ಆಗ ಹಿಂಚಕ್ರ ಸೊಟ್ಟಗೆ ಕೂತಿರುವ ಸಾಧ್ಯತೆಯೂ ಉಂಟು. ಎರಡು ಬದಿಯ ಗುರುತುಗಳು ಹೊಂದಿವೆ ಎಂದಮಾತ್ರಕ್ಕೆ ನಂಬಬೇಡಿ. ಹಿಂದಿನ ಟೈರಿಗೆ ಎರಡೂ ಬದಿಯಿಂದ ತಾಗುವಂತೆ ಒಂದೊಂದು ದಾರ ಬಿಗಿಯಾಗಿ ಮುಂಚಕ್ರದವರೆಗೆ ಎಳೆದು ಹಿಡಿಯಿರಿ. ಮುಂದಿನ ಟೈರ್ ಕಿರಿದಾಗಿರುವುದರಿಂದ ಎರಡು ಬದಿಯಲ್ಲೂ ಸಂದು ಉಳಿಯುತ್ತದೆ. ಆ ಸಂದು ಎರಡೂ ಕಡೆ ಸಮನಾಗಿರಬೇಕು. ಇದೇ ಹೊತ್ತಿಗೆ ಹಿಂಚಕ್ರವನ್ನು ಎಡಬಲಕ್ಕೆ ಜಗ್ಗಿ ನೋಡಿ. ಆಟ ಇದ್ದರೆ ವೀಲ್ ಬೇರಿಂಗ್, ಇಲ್ಲವೇ ಸ್ವಿಂಗ್‌ಆರ್ಮ್ (ಹಿಂಚಕ್ರವನ್ನು ಹಿಡಿದಿರುವ ತೋಳು) ಫ್ರೇಮಿಗೆ ಸೇರುವ ಕಡೆಯ ಬುಷ್. ಸ್ವಿಂಗ್‌ಆರ್ಮ್ ಬುಷ್ ಸಾಮಾನ್ಯ ಸರ್ವಿಸ್‌ನಲ್ಲಿ ಯಾರೂ ಮುಟ್ಟದ ಭಾಗ. ಓಲಾಟದ ದೂರಿನಲ್ಲಿ ನಾನು ಮೊದಲು ಕೈ ಹಾಕುವುದು ಅಲ್ಲಿಗೆ.

ಟೈರಿನ ಗಾಳಿ ಇಳಿಸುವ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಮರಳಿನಲ್ಲಿ, ಕೆಸರಿನಲ್ಲಿ ಅದಕ್ಕೆ ಅರ್ಥವಿದೆ. ಹೆದ್ದಾರಿಯಲ್ಲಿ ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಮೆತ್ತಗಾಗಿ, ನಾನು ಮೇಲೆ ಹೇಳಿದ ಆ ‘ತಡ’ ಹೆಚ್ಚಾಗುತ್ತದೆ, ಓಲಾಟ ಬೆಳೆಯುತ್ತದೆ, ಟೈರ್ ಕಾಯುತ್ತದೆ. ಚೈನ್ ಕವರಿನ ಮೇಲೋ ಸ್ವಿಂಗ್‌ಆರ್ಮ್ ಮೇಲೋ ಇರುವ ಸ್ಟಿಕರ್‌ನಲ್ಲಿ ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂದು ಬರೆದಿರುತ್ತದೆ. ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ ಅಷ್ಟು ಹೊಡೆಸಿ. ದಾರಿಯಲ್ಲಿ ತುಮಕೂರೋ ಶಿರಾವೋ ತಲುಪಿದ ಮೇಲೆ ನೋಡಿದರೆ ಬಿಸಿಗೆ ಒತ್ತಡ ಏರಿರುತ್ತದೆ, ಹೆಚ್ಚಾಗಿದೆಯೆಂದು ಇಳಿಸಿಬಿಡುತ್ತೀರಿ.

ಡ್ಯಾಂಪರ್ ವಿಷಯ. ಸ್ಟೀರಿಂಗ್ ಡ್ಯಾಂಪರ್ ಮೋಸದ ವಸ್ತುವಲ್ಲ. ಮುಂದಿನ ನಡುಕಕ್ಕೆ ಅದು ನಿಜವಾದ ಔಷಧಿ, ಅನೇಕ ವೇಗದ ಬೈಕುಗಳಲ್ಲಿ ಕಾರ್ಖಾನೆಯಿಂದಲೇ ಬರುತ್ತದೆ. ಆದರೆ ಹಿಂದಿನ ಓಲಾಟದ ಮೇಲೆ ಅದರ ಪರಿಣಾಮ ಉಲ್ಟಾ ಆಗಬಹುದು: ಹ್ಯಾಂಡಲನ್ನು ಗಟ್ಟಿ ಮಾಡಿದಷ್ಟೂ ಮುಂಚಕ್ರ ತಾನಾಗಿ ತಿದ್ದಿಕೊಳ್ಳುವುದು ನಿಧಾನವಾಗಿ, ಹೆಚ್ಚಿನ ವೇಗದಲ್ಲಿ ಓಲಾಟ ಇನ್ನೂ ಸುಲಭವಾಗಿ ಏಳುತ್ತದೆ. ನಿಮ್ಮ ಗಾಡಿಗೆ ಅದನ್ನು ಹಾಕಿಸಿದರೆ 60ರ ನಡುಕ ನಿಂತು ನೀವು ನೆಮ್ಮದಿಯಾಗುತ್ತೀರಿ, 90ರ ಅಪಾಯ ಹಾಗೇ ಕಾದಿರುತ್ತದೆ. ಸವೆದ ಟೈರಿನ ಮೇಲೆ, ಸಡಿಲ ಬುಷ್‌ನ ಮೇಲೆ ಡ್ಯಾಂಪರ್ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಇದು ಬರೀ ನಮ್ಮ ಸಣ್ಣ ಬೈಕುಗಳ ಸಮಸ್ಯೆ ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಪೊಲೀಸ್ ಸಾಮಗ್ರಿ ಹೊತ್ತು ಓಡುತ್ತಿದ್ದ ಹೋಂಡಾ ಎಸ್‌ಟಿ 1300ಗಳು ಅತಿವೇಗದಲ್ಲಿ ಹೀಗೇ ಓಲಾಡುತ್ತವೆಂಬ ದೂರು ಎದ್ದು, ತರಬೇತಿಯಲ್ಲಿದ್ದ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡ ಮೇಲೆ, 2007ರಲ್ಲಿ ಹಲವು ಪೊಲೀಸ್ ಪಡೆಗಳು ಆ ಬೈಕನ್ನು ಬಿಟ್ಟವು. ಅಷ್ಟು ದೊಡ್ಡ, ಅಷ್ಟು ಭಾರದ ಗಾಡಿಗೂ ಇದು ತಪ್ಪಲಿಲ್ಲ.

ಈಗ, ಮತ್ತೆ ಓಲಾಡಿದರೆ ಆ ಕ್ಷಣದಲ್ಲಿ ಏನು ಮಾಡಬೇಕು? ಹಿರಿಯೂರಿನ ಬಳಿ ನೀವು ಮಾಡಿದ್ದು ಯಾರೂ ಮಾಡುವಂಥದ್ದೇ; ಮೈ ತಾನಾಗಿ ಹಾಗೆ ಮಾಡುತ್ತದೆ. ಆದರೆ ಲೆಕ್ಕ ನೋಡಿ. 90ರಲ್ಲಿ ಗಾಡಿ ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ಸೆಕೆಂಡಿಗೆ ಮೂರು ಬಾರಿ ಓಲಾಡಿದರೆ ಪ್ರತಿ ಎಂಟು ಮೀಟರಿಗೆ ಒಂದು ಪೂರ್ತಿ ತೂಗಾಟ. ಎಡಕ್ಕೆ ವಾಲಿತೆಂದು ಕಣ್ಣು ಕಂಡು, ಮನಸ್ಸು ತಿಳಿದು, ತೋಳು ತಿದ್ದುವಷ್ಟರಲ್ಲಿ ಗಾಡಿ ಬಲಕ್ಕೆ ವಾಲುತ್ತಿರುತ್ತದೆ. ನಿಮ್ಮ ತಿದ್ದುಪಡಿ ಆ ಓಲಾಟಕ್ಕೇ ಬಲ ಕೊಡುತ್ತದೆ. ಬಿಗಿಹಿಡಿದ ತೋಳುಗಳು ನಿಮ್ಮ ಮೈಯ ತೂಗಾಟವನ್ನೂ ಹ್ಯಾಂಡಲಿಗೆ ದಾಟಿಸುತ್ತವೆ.

ಆದ್ದರಿಂದ ಹ್ಯಾಂಡಲನ್ನು ಬಿಡಬೇಡಿ, ಅದರೊಡನೆ ಜಗಳಕ್ಕೂ ಇಳಿಯಬೇಡಿ. ಬೆರಳುಗಳು ಸುತ್ತಿಕೊಂಡಿರಲಿ, ಮೊಣಕೈ ಸಡಿಲವಾಗಿರಲಿ. ಎರಡು ಮೊಣಕಾಲಿನಿಂದ ಟ್ಯಾಂಕನ್ನು ಗಟ್ಟಿಯಾಗಿ ಅದುಮಿ. ಎದೆಯನ್ನು ಟ್ಯಾಂಕಿನ ಕಡೆಗೆ ಬಗ್ಗಿಸಿ. ಇದರಿಂದ ಮುಂಚಕ್ರಕ್ಕೆ ಭಾರ ಬರುತ್ತದೆ, ಗಾಳಿಯ ಒತ್ತಡವೂ ತಗ್ಗುತ್ತದೆ. ಆಕ್ಸಿಲರೇಟರನ್ನು ಫಕ್ಕನೆ ಬಿಡದೆ, ಎರಡು ಮೂರು ಸೆಕೆಂಡಿನಲ್ಲಿ ಹಂತ ಹಂತವಾಗಿ ಮುಚ್ಚಿ. ಮುಂದಿನ ಬ್ರೇಕ್ ಮುಟ್ಟಬೇಡಿ. ತೀರಾ ಅಗತ್ಯವಿದ್ದರೆ ಹಿಂದಿನದನ್ನು ಹಗುರವಾಗಿ ಒತ್ತಿ. ಕಣ್ಣು ದೂರದ ರಸ್ತೆಯ ಮೇಲಿರಲಿ. 70ಕ್ಕೆ ಇಳಿಯುವಷ್ಟರಲ್ಲಿ ಸಾಮಾನ್ಯವಾಗಿ ತಾನಾಗಿ ತಣ್ಣಗಾಗುತ್ತದೆ. ಆಮೇಲೆ ಕನ್ನಡಿ ನೋಡಿ ಎಡಕ್ಕೆ ಬಂದು, ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ ಟೈರ್‌ಗಳನ್ನು ನೋಡಿ. ನಿಧಾನವಾಗಿ ಗಾಳಿ ಹೋಗುತ್ತಿರುವ ಹಿಂದಿನ ಟೈರೂ ಇದೇ ಲಕ್ಷಣ ತೋರಿಸುತ್ತದೆ.

ಆಕ್ಸಿಲರೇಟರ್ ಕೊಟ್ಟರೆ ನೆಟ್ಟಗಾಗುತ್ತದೆ ಎಂಬ ಗೆಳೆಯನ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು. 60ರ ನಡುಕ ಒಂದು ವೇಗದ ಪಟ್ಟಿಯೊಳಗೆ ಮಾತ್ರ ಇರುತ್ತದೆ, ವೇಗ ಹೆಚ್ಚಿಸಿದರೆ ಅದರಿಂದ ಆಚೆ ದಾಟಿ ನಿಲ್ಲುತ್ತದೆ. ಅದನ್ನು ಕಂಡವರು ಎಲ್ಲಕ್ಕೂ ಅದೇ ಮದ್ದು ಎಂದು ನಂಬಿದ್ದಾರೆ. 90ರ ಓಲಾಟ ವೇಗದ ಜೊತೆಗೇ ಬೆಳೆಯುವಂಥದ್ದು. ಅಲ್ಲಿ ಆಕ್ಸಿಲರೇಟರ್ ಕೊಟ್ಟು ಅದು ಹೆಚ್ಚಾದರೆ, ಇಳಿದು ಬರುವ ದಾರಿ ಇನ್ನೂ ಉದ್ದವಾಗಿರುತ್ತದೆ.

ಲಾರಿ ಹಿಂದೆ ಹಾಕುವಾಗಲೇ ವಿಪರೀತವಾದದ್ದಕ್ಕೂ ಕಾರಣವಿದೆ. ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಅದು ಬಯಲು ಸೀಮೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಕ್ಕದಿಂದ ಹೊಡೆಯುವ ಗಾಳಿ ಜೋರು. ಲಾರಿಯ ಪಕ್ಕದಲ್ಲಿರುವಾಗ ಅದರ ಮೈ ಗಾಳಿಗೆ ಅಡ್ಡವಾಗಿರುತ್ತದೆ, ಅದರ ಮೂತಿ ದಾಟಿದ ಕೂಡಲೇ ಅಡ್ಡಗಾಳಿ ಮತ್ತು ಲಾರಿ ತಳ್ಳಿದ ಗಾಳಿ ಎರಡೂ ಒಟ್ಟಿಗೆ ಬಡಿಯುತ್ತವೆ. ಮೊದಲೇ ತಣ್ಣಗಾಗಲಾರದ ಗಾಡಿಗೆ ಆ ಒಂದು ತಳ್ಳು ಸಾಕು. ಲಾರಿಯಿಂದ ಸಾಧ್ಯವಾದಷ್ಟು ಪಕ್ಕಕ್ಕೆ ಅಂತರ ಇಟ್ಟು ದಾಟಿ, ಮೂತಿಯ ಹತ್ತಿರ ಬರುವಾಗಲೇ ತೋಳು ಸಡಿಲಿಸಿ ತಗ್ಗಿರಿ, ಒಮ್ಮೆ ಪಕ್ಕಕ್ಕೆ ಸರಿದರೆ ಸರಿಯಲು ಬಿಟ್ಟು ಮೆಲ್ಲಗೆ ತಿದ್ದಿಕೊಳ್ಳಿ. ಗಾಳಿ ಜೋರಿರುವ ದಿನ ಲಾರಿಯ ಹಿಂದೆ ದೂರ ಬಿಟ್ಟು ಹೋಗುವುದರಲ್ಲಿ ಕಳೆದುಕೊಳ್ಳುವುದು ಹತ್ತು ನಿಮಿಷ. ಅಂದಹಾಗೆ, 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯಂತೆ ವಿಭಜಕವಿರುವ ಚತುಷ್ಪಥದಲ್ಲಿ ದ್ವಿಚಕ್ರ ವಾಹನಕ್ಕೆ ಗರಿಷ್ಠ ಮಿತಿ 80.

ಕೆಲಸದ ಕ್ರಮ ಹೀಗಿರಲಿ. ಮೊದಲು ಖರ್ಚಿಲ್ಲದ್ದು: ಬಾಕ್ಸನ್ನೂ ಅದರ ಸ್ಟ್ಯಾಂಡನ್ನೂ ಬಿಚ್ಚಿಡಿ, ವಿಂಡ್‌ಶೀಲ್ಡ್ ತೆಗೆಯಿರಿ, ಗಾಳಿ ಸರಿಯಾಗಿ ಹೊಡೆಸಿ, ಕೋನ್‌ಸೆಟ್ ಬಿಗಿ, ದಾರದ ಅಲೈನ್‌ಮೆಂಟ್ ನೋಡಿಸಿ. ಆಮೇಲೆ ಖರ್ಚಿನದು: ಮುಂದೆ ಹೊಸ ಟೈರ್, ಹಿಂದೆ ಕಂಪನಿ ಹೇಳಿದ ಅಳತೆಯದು. ಹೊಸದಾಗಿ ಹಾಕಿಸಿದ ಅಗಲದ ಟೈರನ್ನು ಬಿಸಾಡಲು ಮನಸ್ಸು ಬರುವುದಿಲ್ಲ, ಗೊತ್ತು, ಆದರೂ ತೆಗೆಸಿ. ಸ್ವಿಂಗ್‌ಆರ್ಮ್ ಬುಷ್‌ನಲ್ಲಿ ಆಟವಿದ್ದರೆ ಅದೂ ಆಗಲಿ. ಇಷ್ಟಾದ ಮೇಲೆ ಗಾಳಿಯಿಲ್ಲದ ಬೆಳಗ್ಗೆ, ಒಬ್ಬರೇ, ಹೆಲ್ಮೆಟ್ ಜಾಕೆಟ್ ಹಾಕಿಕೊಂಡು, ಖಾಲಿ ನೇರ ರಸ್ತೆಯಲ್ಲಿ 60, 70, 80ರವರೆಗೆ ನೋಡಿ. ನೆಟ್ಟಗಿದ್ದರೆ ಬಾಕ್ಸನ್ನು ಖಾಲಿಯಾಗಿ ಹಾಕಿ ಮತ್ತೆ ಅದೇ ರಸ್ತೆಯಲ್ಲಿ ನೋಡಿ. ಬಾಕ್ಸ್ ಬೇಕೇ ಬೇಕೆಂದರೆ ಅದರಲ್ಲಿ ಮಳೆಯಂಗಿ, ಬಟ್ಟೆಯಂಥ ಹಗುರದ್ದಷ್ಟೇ ಇರಲಿ. ಭಾರದ್ದು ಸೀಟಿನ ಮೇಲೋ ಟ್ಯಾಂಕಿನ ಮೇಲಿನ ಬ್ಯಾಗಿನಲ್ಲೋ ಬರಲಿ. ಹಿಂದೆ ಜನ ಕೂರುವುದಾದರೆ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬಿಗಿಯನ್ನು ಕೈಪಿಡಿ ಹೇಳಿದಷ್ಟು ಏರಿಸಬೇಕು, ಕೂತವರು ನಿಮಗೆ ಹತ್ತಿರ ಕೂತು ನಿಮ್ಮ ಸೊಂಟ ಹಿಡಿಯಬೇಕು.

ಇಷ್ಟೆಲ್ಲ ಆದ ಮೇಲೂ, ಬಾಕ್ಸ್ ಇಲ್ಲದೆ 80ರ ಒಳಗೇ ಓಲಾಟ ಬಂದರೆ ಮಾತು ಬೇರೆ. ಆಗ ಫೋರ್ಕ್ ಬಾಗಿರಬಹುದು, ಫ್ರೇಮ್ ಅಥವಾ ಸ್ವಿಂಗ್‌ಆರ್ಮ್ ತಿರುಚಿರಬಹುದು, ಎಲ್ಲಾದರೂ ಬೆಸುಗೆಯಲ್ಲಿ ಬಿರುಕಿರಬಹುದು. ಗಾಡಿ ಎಂದಾದರೂ ಬಿದ್ದಿತ್ತೇ ಎಂಬುದನ್ನು ನೆನಪಿಸಿಕೊಂಡು ಮೆಕ್ಯಾನಿಕ್‌ಗೆ ಹೇಳಿ, ಫ್ರೇಮ್ ಅಳತೆ ಮಾಡುವ ಸೌಕರ್ಯವಿರುವ ಕಡೆ ತೋರಿಸಿ. ಫ್ರೇಮ್ ಕೆಟ್ಟಿದೆ ಎಂದಾದರೆ ಮಾತ್ರ ಅದನ್ನು ಬಿಡುವ ಯೋಚನೆ, ಅದೂ ಕೊಳ್ಳುವವರಿಗೆ ವಿಷಯ ತಿಳಿಸಿಯೇ. ಅಪ್ಪನವರು ಈ ಸಲ ದಾವಣಗೆರೆಯಿಂದ ರೈಲಿನಲ್ಲಿ ಬರಲಿ; ಬೆಂಗಳೂರಿಗೆ ನೇರ ಗಾಡಿಗಳಿವೆ.